ಸುರಕ್ಷತೆಯ ಲೆಕ್ಕಪತ್ರ: ಯಾವ ಅಂಕಿಯನ್ನು ನಂಬಬೇಕು?

ಕಾರ್ಖಾನೆಯ ಹೆಬ್ಬಾಗಿಲಿನಲ್ಲಿ 'ಅಪಘಾತರಹಿತ ದಿನಗಳು' ಎಂಬ ಫಲಕವನ್ನು ತೂಗುಹಾಕುವ ಪದ್ಧತಿ ದೊಡ್ಡ ಉದ್ದಿಮೆಗಳಿಂದ ಆರಂಭವಾಗಿ ಈಗ ಸಣ್ಣ ಕೈಗಾರಿಕಾ ಶೆಡ್ಡುಗಳವರೆಗೂ ಬಂದಿದೆ. 1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಪ್ರತಿವರ್ಷ ಆ ದಿನ ನಡೆಯುವ ಸುರಕ್ಷತಾ ದಿನಾಚರಣೆಯಲ್ಲಿ ಪ್ರತಿಜ್ಞೆ ಬೋಧಿಸಲಾಗುತ್ತದೆ, ಬ್ಯಾಡ್ಜ್ ಧರಿಸಲಾಗುತ್ತದೆ, ಫಲಕದಲ್ಲಿನ ಅಂಕಿಯನ್ನು ಹೆಮ್ಮೆಯಿಂದ ಓದಿ ಹೇಳಲಾಗುತ್ತದೆ. ಅಂಕಿ ದೊಡ್ಡದಿದ್ದಷ್ಟೂ ಚಪ್ಪಾಳೆ ಜೋರು. ಆದರೆ ಆ ಅಂಕಿ ವಾಸ್ತವವಾಗಿ ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ಅಂಕಿಗಳೊಡನೆ ವ್ಯವಹರಿಸುವುದೇ ಲೆಕ್ಕಪರಿಶೋಧಕರ ವೃತ್ತಿ. ಒಂದು ಅಂಕಿ ಸರಿಯಾಗಿ ಕೂಡಿದ್ದರೂ ಅದು ಸತ್ಯವನ್ನು ಹೇಳುತ್ತಿದೆಯೆಂದು ಭಾವಿಸಬಾರದು ಎಂಬುದು ಈ ವೃತ್ತಿ ಕಲಿಸುವ ಮೊದಲ ಪಾಠ. ಬ್ಯಾಂಕಿನಲ್ಲಿ ಹಣವಿದೆಯೆಂದ ಮಾತ್ರಕ್ಕೆ ವ್ಯಾಪಾರ ಲಾಭದಲ್ಲಿದೆಯೆಂದು ಯಾವ ವರ್ತಕರೂ ಒಪ್ಪುವುದಿಲ್ಲ. ಆದರೆ ಅಪಘಾತ ನಡೆದಿಲ್ಲವೆಂದ ಮಾತ್ರಕ್ಕೆ ಕೆಲಸದ ಸ್ಥಳ ಸುರಕ್ಷಿತವಾಗಿದೆಯೆಂದು ಅದೇ ವರ್ತಕರು ಸುಲಭವಾಗಿ ಒಪ್ಪಿಬಿಡುತ್ತಾರೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಸಣ್ಣ ಉದ್ದಿಮೆಗಳು 'ಶೂನ್ಯ ಅಪಘಾತ'ದ ಫಲಕವನ್ನು ಇಳಿಸಿ, ಅದರ ಸ್ಥಾನದಲ್ಲಿ ಬೇರೆ ಕೆಲವು ಅಂಕಿಗಳನ್ನು ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಪರ್ಯಾಯವನ್ನೂ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಶೂನ್ಯದ ಹಿಂದಿನ ಗಣಿತ

ಭಾರತೀಯ ಮಾನಕ 3786ರ ಪ್ರಕಾರ ಕೈಗಾರಿಕಾ ಅಪಘಾತಗಳನ್ನು ಎರಡು ದರಗಳ ಮೂಲಕ ಅಳೆಯಲಾಗುತ್ತದೆ. ಹತ್ತು ಲಕ್ಷ ಮಾನವ ಗಂಟೆಗಳ ಕೆಲಸಕ್ಕೆ ಎಷ್ಟು ಗಾಯಗಳಾದವು ಎಂಬುದು ಆವರ್ತನ ದರ. ಅಷ್ಟೇ ಗಂಟೆಗಳಿಗೆ ಎಷ್ಟು ಮಾನವ ದಿನಗಳು ನಷ್ಟವಾದವು ಎಂಬುದು ತೀವ್ರತಾ ದರ. ಒಂದು ಸಾವನ್ನು 6,000 ದಿನಗಳ ನಷ್ಟವೆಂದು ಎಣಿಸಲಾಗುತ್ತದೆ. ಸಾವಿರಾರು ಕಾರ್ಮಿಕರಿರುವ ಸಂಸ್ಥೆಗೆ ಇವು ಉಪಯುಕ್ತ ಅಳತೆಗಳೇ ಸರಿ. ಆದರೆ ಇವನ್ನೇ ಇಪ್ಪತ್ತೈದು ಮಂದಿಯ ಘಟಕಕ್ಕೆ ಅನ್ವಯಿಸಿದರೆ ಏನಾಗುತ್ತದೆಂದು ನೋಡೋಣ.

ಇಪ್ಪತ್ತೈದು ಕಾರ್ಮಿಕರು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ ಒಟ್ಟು 60,000 ಮಾನವ ಗಂಟೆಗಳಾಗುತ್ತವೆ. ಆ ಘಟಕದ ನಿಜವಾದ ಅಪಾಯದ ಮಟ್ಟ ಹತ್ತು ಲಕ್ಷ ಗಂಟೆಗೆ 5 ಗಾಯಗಳು ಎಂದು ಇಟ್ಟುಕೊಳ್ಳೋಣ. ಹಾಗಿದ್ದಲ್ಲಿ ವರ್ಷಕ್ಕೆ ನಿರೀಕ್ಷಿತ ಗಾಯಗಳ ಸಂಖ್ಯೆ 0.3, ಎಂದರೆ ಸರಾಸರಿ ಮೂರು ವರ್ಷ ನಾಲ್ಕು ತಿಂಗಳಿಗೆ ಒಂದು. ಸಂಭವನೀಯತೆಯ ಸಾಮಾನ್ಯ ಸೂತ್ರದ ಪ್ರಕಾರ ಇಂತಹ ನೂರು ಘಟಕಗಳಲ್ಲಿ ಸುಮಾರು 74 ಘಟಕಗಳು ಆ ವರ್ಷ ಶೂನ್ಯ ಅಪಘಾತವನ್ನೇ ದಾಖಲಿಸುತ್ತವೆ. ಈಗ ಅಪಾಯವು ಇದರ ಎರಡರಷ್ಟಿರುವ, ಎಂದರೆ ಹತ್ತು ಲಕ್ಷ ಗಂಟೆಗೆ 10 ಗಾಯಗಳ ಮಟ್ಟದ ನೂರು ಘಟಕಗಳನ್ನು ತೆಗೆದುಕೊಳ್ಳಿ. ಅವುಗಳಲ್ಲಿಯೂ ಸುಮಾರು 55 ಘಟಕಗಳು ಶೂನ್ಯವನ್ನೇ ತೋರಿಸುತ್ತವೆ. ಸತತ ಮೂರು ವರ್ಷ ಶೂನ್ಯ ದಾಖಲಿಸುವ ಘಟಕಗಳು ಮೊದಲ ಗುಂಪಿನಲ್ಲಿ 41, ಎರಡನೆಯ ಗುಂಪಿನಲ್ಲಿ 17.

ಇದರ ತಾತ್ಪರ್ಯ ಸ್ಪಷ್ಟ. ಎರಡರಷ್ಟು ಅಪಾಯಕಾರಿಯಾದ ಘಟಕವೂ ಅರ್ಧಕ್ಕಿಂತ ಹೆಚ್ಚು ಬಾರಿ ನಿಷ್ಕಳಂಕ ವರ್ಷವನ್ನು ಕಾಣುತ್ತದೆ. ಆ ಶೂನ್ಯವು ಮಾಲೀಕರ ದಕ್ಷತೆಯ ಫಲವೋ ಅದೃಷ್ಟದ ಫಲವೋ ಎಂಬುದನ್ನು ಅಂಕಿಯಿಂದ ತಿಳಿಯಲು ಸಾಧ್ಯವಿಲ್ಲ. ಇನ್ನೊಂದೆಡೆ, ಒಂದೇ ಒಂದು ಗಾಯವಾದ ವರ್ಷದಲ್ಲಿ ಅದೇ ಘಟಕದ ಆವರ್ತನ ದರ ಶೂನ್ಯದಿಂದ 16.7ಕ್ಕೆ ಜಿಗಿಯುತ್ತದೆ. ಒಂದು ವರ್ಷ ಶೂನ್ಯವನ್ನೂ ಮರುವರ್ಷ 16.7ನ್ನೂ ತೋರಿಸುವ, ಆದರೆ ಒಳಗಿನ ಸ್ಥಿತಿ ಕಿಂಚಿತ್ತೂ ಬದಲಾಗದಿರುವ ಅಳತೆಗೋಲನ್ನು ಯಾವ ವರ್ತಕರು ತಮ್ಮ ಅಂಗಡಿಯ ತಕ್ಕಡಿಯಾಗಿ ಇಟ್ಟುಕೊಂಡಾರು?

ಅಂಕಿಯೇ ಗುರಿಯಾದಾಗ

ಎರಡನೆಯ ತೊಂದರೆ ಇದಕ್ಕಿಂತ ಗಂಭೀರವಾದುದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರು 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಮಂಡಿಸಿದ ವಿಚಾರವು ಇಂದು ಅವರ ಹೆಸರಿನ ನಿಯಮವಾಗಿಯೇ ಪ್ರಸಿದ್ಧವಾಗಿದೆ. ಅಳತೆಯನ್ನೇ ಗುರಿಯನ್ನಾಗಿ ಮಾಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ಅಪಘಾತವಿಲ್ಲದ ತಿಂಗಳಿಗೆ ಇಡೀ ವಿಭಾಗಕ್ಕೆ ಬಹುಮಾನ ಎಂದು ಘೋಷಿಸಿದ ಮರುದಿನದಿಂದಲೇ ಗಾಯಗೊಂಡವನು ಸಹೋದ್ಯೋಗಿಗಳ ಬಹುಮಾನವನ್ನು ತಪ್ಪಿಸಿದ ಅಪರಾಧಿಯಾಗುತ್ತಾನೆ. ಕೈಗೆ ಬಟ್ಟೆ ಸುತ್ತಿಕೊಂಡು ಮೌನವಾಗಿರುವುದೇ ಅವನಿಗೆ ಉಳಿಯುವ ಮಾರ್ಗ. ಮೇಲ್ವಿಚಾರಕನಿಗೂ ಅದೇ ಅನುಕೂಲ. ಅಪಘಾತಗಳು ಕಡಿಮೆಯಾಗುವುದಿಲ್ಲ, ಅಪಘಾತದ ಸುದ್ದಿ ಕಡಿಮೆಯಾಗುತ್ತದೆ.

ಲೆಕ್ಕಪತ್ರಗಳನ್ನು ಪರಿಶೀಲಿಸುವವರಿಗೆ ಇದು ಹೊಸ ವಿಷಯವಲ್ಲ. ಅಪಘಾತದ ವಹಿ ಖಾಲಿಯಾಗಿರುತ್ತದೆ. ಆದರೆ ವೋಚರುಗಳ ಕಡತದಲ್ಲಿ ಖಾಸಗಿ ಆಸ್ಪತ್ರೆಯೊಂದರ ಬಿಲ್ಲು 'ಸಿಬ್ಬಂದಿ ಕಲ್ಯಾಣ ವೆಚ್ಚ'ದ ಅಡಿಯಲ್ಲಿ ಕುಳಿತಿರುತ್ತದೆ. ಹಾಜರಿ ಪುಸ್ತಕದಲ್ಲಿ ಒಬ್ಬ ಕಾರ್ಮಿಕನ ಹೆಸರಿನ ಮುಂದೆ ಹದಿನೆಂಟು ದಿನ 'ರಜೆ' ಎಂದಿರುತ್ತದೆ. ಅದೇ ತಿಂಗಳು ಅವನ ಹೆಸರಿಗೆ ಒಂದು ಮುಂಗಡ ಹೋಗಿರುತ್ತದೆ, ಅದು ಎಂದೂ ವಸೂಲಾಗಿರುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಹಿ ಹೇಳದ ಕಥೆಯನ್ನು ವೋಚರು ಹೇಳುತ್ತದೆ. ಇಂತಹ ಮುಚ್ಚುಮರೆ ಸಾಮಾನ್ಯವಾಗಿ ದುರುದ್ದೇಶದಿಂದಲ್ಲ, ಭಯದಿಂದ ಹುಟ್ಟುತ್ತದೆ. ಆದರೆ ಪರಿಣಾಮ ಒಂದೇ. ಆ ಯಂತ್ರದ ದೋಷ ಹಾಗೆಯೇ ಉಳಿದು ಮುಂದಿನ ಕೈಗಾಗಿ ಕಾಯುತ್ತದೆ. ಗಾಯಗೊಂಡವನಿಗೆ ರಾಜ್ಯ ವಿಮೆಯಡಿ ನ್ಯಾಯವಾಗಿ ದೊರೆಯಬೇಕಾದ ಅಂಗವೈಕಲ್ಯ ಸೌಲಭ್ಯವೂ ತಪ್ಪಿಹೋಗುತ್ತದೆ.

ಇದರೊಡನೆ ಗುತ್ತಿಗೆ ಕಾರ್ಮಿಕರ ಪ್ರಶ್ನೆಯೂ ಸೇರಿದೆ. ಅತಿ ಅಪಾಯದ ಕೆಲಸಗಳಾದ ಛಾವಣಿಯ ದುರಸ್ತಿ, ತೊಟ್ಟಿಯ ಶುದ್ಧೀಕರಣ, ಲಾರಿಯಿಂದ ಸರಕು ಇಳಿಸುವಿಕೆ ಮೊದಲಾದವನ್ನು ನಾವು ಹೆಚ್ಚಾಗಿ ಹೊರಗಿನವರಿಂದ ಮಾಡಿಸುತ್ತೇವೆ. ಆದರೆ ನಮ್ಮ ಅಪಘಾತದ ಲೆಕ್ಕದಲ್ಲಿ ನಮ್ಮ ಹಾಜರಿ ಪುಸ್ತಕದವರಿಗೆ ಮಾತ್ರ ಸ್ಥಾನ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಪ್ರಾಣ ಕಳೆದುಕೊಂಡ ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಇಳಿದವನನ್ನು ರಕ್ಷಿಸಲು ಮತ್ತೊಬ್ಬನು ಇಳಿಯುವುದು ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಯಾರು ಯಾರ ವೇತನ ಪಟ್ಟಿಯಲ್ಲಿದ್ದರು ಎಂಬುದನ್ನು ವಿಷಾನಿಲ ಕೇಳುವುದಿಲ್ಲ.

ದೊಡ್ಡ ಸಂಸ್ಥೆಗಳು ತೆತ್ತ ಬೆಲೆ

ತಪ್ಪು ಸೂಚಕವನ್ನು ನಂಬಿದ ಸಂಸ್ಥೆಗಳು ಯಾವ ಬೆಲೆ ತೆರುತ್ತವೆ ಎಂಬುದಕ್ಕೆ ಜಗತ್ತಿನ ಕೈಗಾರಿಕಾ ಇತಿಹಾಸದಲ್ಲಿ ಸಾಕಷ್ಟು ನಿದರ್ಶನಗಳಿವೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿ.ಪಿ. ತೈಲ ಶುದ್ಧೀಕರಣಾಗಾರದಲ್ಲಿ ಸಂಭವಿಸಿದ ಸ್ಫೋಟದಲ್ಲಿ 15 ಮಂದಿ ಮೃತರಾದರು, 180 ಮಂದಿ ಗಾಯಗೊಂಡರು. ಮೃತಪಟ್ಟವರೆಲ್ಲರೂ ಗುತ್ತಿಗೆ ನೌಕರರು. ಜೇಮ್ಸ್ ಬೇಕರ್ ಅವರ ಅಧ್ಯಕ್ಷತೆಯ ಸಮಿತಿಯು 2007ರ ಜನವರಿಯಲ್ಲಿ ನೀಡಿದ ವರದಿಯಲ್ಲಿ ಒಂದು ಮುಖ್ಯ ಅಂಶವನ್ನು ಗುರುತಿಸಿತು. ನೌಕರರ ವೈಯಕ್ತಿಕ ಗಾಯಗಳ ದರ ಇಳಿಯುತ್ತಿದ್ದುದನ್ನೇ ಸಂಸ್ಥೆಯು ಇಡೀ ಸ್ಥಾವರ ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿಯೆಂದು ತಪ್ಪಾಗಿ ಭಾವಿಸಿತ್ತು. ಜಾರಿ ಬೀಳುವುದನ್ನೂ ಬೆರಳಿಗೆ ಪೆಟ್ಟಾಗುವುದನ್ನೂ ಎಣಿಸುವ ಅಂಕಿಯು ಗೋಪುರವೊಂದು ತೈಲದಿಂದ ಉಕ್ಕಿ ಹರಿಯುವ ಅಪಾಯದ ಬಗ್ಗೆ ಏನನ್ನೂ ಹೇಳಲಾರದು.

ಐದು ವರ್ಷಗಳ ನಂತರ, 2010ರ ಏಪ್ರಿಲ್ 20ರಂದು, ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆಗೆ ಹಿರಿಯ ಅಧಿಕಾರಿಗಳು ಭೇಟಿ ನೀಡಿದ್ದರು. ಏಳು ವರ್ಷಗಳ ಕಾಲ ಕೆಲಸದ ದಿನ ನಷ್ಟವಾಗುವಂತಹ ಒಂದೂ ಅಪಘಾತ ಸಂಭವಿಸದಿದ್ದುದಕ್ಕಾಗಿ ಸಿಬ್ಬಂದಿಯನ್ನು ಅಭಿನಂದಿಸುವುದು ಆ ಭೇಟಿಯ ಉದ್ದೇಶಗಳಲ್ಲೊಂದು. ಅದೇ ರಾತ್ರಿ ನಡೆದ ಸ್ಫೋಟದಲ್ಲಿ 11 ಮಂದಿ ಅಸುನೀಗಿದರು. ಅಷ್ಟಾದರೂ ವೇದಿಕೆಯ ಒಡೆತನದ ಟ್ರಾನ್ಸ್‌ಓಷನ್ ಸಂಸ್ಥೆಯು ಅಂಕಿಅಂಶಗಳ ದೃಷ್ಟಿಯಿಂದ 2010 ತನ್ನ ಇತಿಹಾಸದಲ್ಲೇ ಅತ್ಯುತ್ತಮ ಸುರಕ್ಷತಾ ವರ್ಷವೆಂದು ಷೇರುದಾರರಿಗೆ ತಿಳಿಸಿತು. ಅಧಿಕಾರಿಗಳಿಗೆ ಸುರಕ್ಷತಾ ಬೋನಸ್ಸನ್ನೂ ನೀಡಿತು. ತೀವ್ರ ಟೀಕೆಯ ನಂತರ ಹಿರಿಯ ಅಧಿಕಾರಿಗಳು ಆ ಹಣವನ್ನು ಮೃತರ ಕುಟುಂಬಗಳ ನಿಧಿಗೆ ನೀಡುವುದಾಗಿ ಘೋಷಿಸಬೇಕಾಯಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಯಾವುದನ್ನು ಲೆಕ್ಕ ಹಾಕಬೇಕೆಂಬ ಆಯ್ಕೆಯಲ್ಲಿ ತಪ್ಪಿತ್ತು.

ನಮ್ಮ ದೇಶದ ಭೋಪಾಲವನ್ನಂತೂ ಮರೆಯುವಂತಿಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ವಿಷಾನಿಲ ಸೋರಿದಾಗ ಅದನ್ನು ತಡೆಯಬೇಕಾಗಿದ್ದ ಶೈತ್ಯೀಕರಣ ವ್ಯವಸ್ಥೆಯನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆ ದುರಸ್ತಿಗಾಗಿ ಕಳಚಲ್ಪಟ್ಟಿತ್ತು. ಅನಿಲವನ್ನು ತೊಳೆದು ನಿರ್ವಿಷಗೊಳಿಸಬೇಕಾಗಿದ್ದ ಯಂತ್ರ ಚಾಲನೆಯಲ್ಲಿರಲಿಲ್ಲ. 'ನಮ್ಮ ರಕ್ಷಣಾ ಸಾಧನಗಳಲ್ಲಿ ಇಂದು ಎಷ್ಟು ಕೆಲಸ ಮಾಡುತ್ತಿವೆ?' ಎಂಬ ಒಂದೇ ಪ್ರಶ್ನೆಯನ್ನು ಪ್ರತಿದಿನ ಕೇಳಿ ಉತ್ತರವನ್ನು ಬರೆದಿಟ್ಟಿದ್ದರೆ ಆ ಕಾರ್ಖಾನೆಯ ನಿಜಸ್ಥಿತಿ ದುರಂತಕ್ಕೆ ಮುನ್ನವೇ ಕಣ್ಣಿಗೆ ರಾಚುತ್ತಿತ್ತು.

ಉತ್ತಮ ಸೂಚಕದ ಲಕ್ಷಣಗಳು

ಸೂಚಕಗಳಲ್ಲಿ ಎರಡು ಬಗೆ. ನಡೆದುಹೋದುದನ್ನು ಹೇಳುವವು ಒಂದು ಬಗೆ. ಅಪಘಾತದ ದರ, ನಷ್ಟವಾದ ದಿನಗಳು, ತೆತ್ತ ಪರಿಹಾರ ಈ ಗುಂಪಿಗೆ ಸೇರುತ್ತವೆ. ನಡೆಯಬಹುದಾದುದನ್ನು ಮುಂಚಿತವಾಗಿ ಹೇಳುವವು ಇನ್ನೊಂದು ಬಗೆ. ರಕ್ಷಣಾ ಸಾಧನಗಳ ಸ್ಥಿತಿ, ತರಬೇತಿ, ದುರಸ್ತಿಯ ಬಾಕಿ ಮುಂತಾದವು ಇದಕ್ಕೆ ಸೇರುತ್ತವೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರವು 2006ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಈ ಎರಡು ಬಗೆಗಳನ್ನೂ ಜೋಡಿಯಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸುತ್ತದೆ. ಮೊದಲ ಬಗೆಯನ್ನು ಮಾತ್ರ ನೆಚ್ಚಿಕೊಂಡರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಯಾವುದೇ ಸೂಚಕವನ್ನು ಆರಿಸುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಒಂದು, ನಾವು ಏನಾದರೂ ಮಾಡಿದರೆ ಈ ಅಂಕಿ ಬದಲಾಗುತ್ತದೆಯೇ, ಅಥವಾ ಅದೃಷ್ಟದಿಂದ ಮಾತ್ರ ಬದಲಾಗುತ್ತದೆಯೇ? ಎರಡು, ಒಂದು ತಿಂಗಳಲ್ಲಿ ವ್ಯತ್ಯಾಸ ಕಾಣುವಷ್ಟು ಇದು ಚುರುಕಾಗಿದೆಯೇ? ಮೂರು, ಕೆಲಸ ಮಾಡದೆಯೇ ಅಂಕಿಯನ್ನು ಮಾತ್ರ ಚೆನ್ನಾಗಿ ತೋರಿಸಲು ಸಾಧ್ಯವೇ? ನಾಲ್ಕು, ಅಂಕಿ ಕೆಟ್ಟರೆ ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕೆಂಬುದು ಸ್ಪಷ್ಟವಾಗಿದೆಯೇ? ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲದ ಅಂಕಿಯನ್ನು ಸಂಗ್ರಹಿಸುವುದು ಕಾಗದದ ಅಪವ್ಯಯ. 'ನಡೆಸಿದ ಸುರಕ್ಷತಾ ಸಭೆಗಳ ಸಂಖ್ಯೆ', 'ಹಂಚಿದ ಹೆಲ್ಮೆಟ್‌ಗಳ ಸಂಖ್ಯೆ' ಮುಂತಾದವು ಮುನ್ಸೂಚಕಗಳಂತೆ ಕಂಡರೂ ಮೂರನೆಯ ಪ್ರಶ್ನೆಯಲ್ಲಿ ಅನುತ್ತೀರ್ಣವಾಗುತ್ತವೆ. ಸಹಿ ಹಾಕಿಸಿಕೊಂಡರೆ ಸಭೆ ನಡೆದಂತೆಯೇ ಲೆಕ್ಕ.

ಸಣ್ಣ ಘಟಕಕ್ಕೆ ಐದು ಅಂಕಿಗಳು

ಈ ಕಸೋಟಿಯಲ್ಲಿ ನಿಲ್ಲಬಲ್ಲ, ಒಬ್ಬ ಗುಮಾಸ್ತರು ತಿಂಗಳಿಗೆ ಕೆಲವೇ ಗಂಟೆಗಳಲ್ಲಿ ಸಿದ್ಧಪಡಿಸಬಹುದಾದ ಐದು ಅಂಕಿಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ರಕ್ಷಣಾ ಸಾಧನಗಳ ಸುಸ್ಥಿತಿ. ವಾರಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಚಾಲನೆಯಲ್ಲಿರುವ ಯಂತ್ರಗಳ ಬಳಿ ಹೋಗಿ ಗಾರ್ಡ್, ಎರಡು ಕೈಗಳಿಂದ ಒತ್ತಬೇಕಾದ ಬಟನ್, ತುರ್ತು ನಿಲುಗಡೆ ಗುಂಡಿ, ಸೆನ್ಸರ್ ಇವು ಕೆಲಸ ಮಾಡುತ್ತಿವೆಯೇ ಎಂದು ನೋಡಬೇಕು. ಹತ್ತು ಯಂತ್ರಗಳಲ್ಲಿ ಎಂಟು ಸರಿಯಿದ್ದರೆ ಅಂಕಿ ಶೇಕಡಾ 80. ಸೇಫ್ ಇನ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆಯು 2019ರಿಂದ ಪ್ರಕಟಿಸುತ್ತಿರುವ 'ಕ್ರಷ್ಡ್' ವರದಿಗಳು ವಾಹನ ಬಿಡಿಭಾಗಗಳ ಪೂರೈಕೆ ಸರಪಳಿಯಲ್ಲಿ ಕಾರ್ಮಿಕರು ಬೆರಳುಗಳನ್ನು ಕಳೆದುಕೊಳ್ಳಲು ಪವರ್ ಪ್ರೆಸ್‌ಗಳೇ ಪ್ರಧಾನ ಕಾರಣವೆಂದು ತೋರಿಸಿವೆ. ಗಾಯಗೊಂಡವರಲ್ಲಿ ಅನೇಕರಿಗೆ ರಾಜ್ಯ ವಿಮೆಯ ಗುರುತಿನ ಚೀಟಿ ದೊರೆತದ್ದೇ ಅಪಘಾತದ ನಂತರ ಎಂಬ ಸಂಗತಿಯನ್ನೂ ಅವು ದಾಖಲಿಸಿವೆ. ಪೀಣ್ಯದಂತಹ ಪ್ರದೇಶಗಳ ಪ್ರೆಸ್ ಘಟಕಗಳ ಮಾಲೀಕರು ಈ ಮೊದಲ ಅಂಕಿಯೊಂದನ್ನೇ ನಿಷ್ಠೆಯಿಂದ ಪಾಲಿಸಿದರೂ ದೊಡ್ಡ ಪ್ರಯೋಜನವಾದೀತು.

ಎರಡನೆಯದು, ದುರಸ್ತಿ ಬಾಕಿಯ ವಯೋಮಾನ ಪಟ್ಟಿ. ಗ್ರಾಹಕರಿಂದ ಬರಬೇಕಾದ ಬಾಕಿಯನ್ನು ಮೂವತ್ತು ದಿನ, ಅರವತ್ತು ದಿನ, ತೊಂಬತ್ತು ದಿನ ಎಂದು ವಿಂಗಡಿಸಿ ನೋಡುವುದು ಎಲ್ಲ ವರ್ತಕರಿಗೂ ಗೊತ್ತಿರುವ ವಿದ್ಯೆ. ಕಾರ್ಮಿಕರು ತಿಳಿಸಿದ ಅಪಾಯಗಳನ್ನೂ, ಕೂದಲೆಳೆಯಷ್ಟರಲ್ಲಿ ತಪ್ಪಿದ ಅಪಘಾತಗಳನ್ನೂ ಹಾಗೆಯೇ ಪಟ್ಟಿ ಮಾಡಬೇಕು. ವರದಿಯಾದುದು ಎಷ್ಟು, ಏಳು ದಿನದೊಳಗೆ ಸರಿಪಡಿಸಿದ್ದು ಎಷ್ಟು, ಮೂವತ್ತು ದಿನ ಮೀರಿದ್ದು ಎಷ್ಟು? ಹಳೆಯ ಬಾಕಿ ಹೇಗೆ ವಸೂಲಾಗದ ಸಾಲವಾಗುತ್ತದೆಯೋ ಹಾಗೆಯೇ ಹಳೆಯ ಅಪಾಯವು ಅಪಘಾತವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಈ ಪದ್ಧತಿ ಆರಂಭವಾದ ಮೊದಲ ತಿಂಗಳುಗಳಲ್ಲಿ ವರದಿಗಳ ಸಂಖ್ಯೆ ಏರುತ್ತದೆ. ಅದನ್ನು ಕಂಡು ಗಾಬರಿಯಾಗಬಾರದು. ಕಾರ್ಮಿಕರು ಬಾಯಿ ತೆರೆಯುತ್ತಿದ್ದಾರೆ ಎಂಬುದರ ಶುಭಸೂಚನೆ ಅದು. ವರದಿಗಳ ಸಂಖ್ಯೆಯನ್ನಲ್ಲ, ಬಾಕಿಯ ವಯಸ್ಸನ್ನು ಇಳಿಸುವುದೇ ನಮ್ಮ ಗುರಿಯಾಗಿರಬೇಕು.

ಮೂರನೆಯದು, ಹೊಸಬರ ತರಬೇತಿ. ತಿಂಗಳಲ್ಲಿ ಹೊಸದಾಗಿ ಸೇರಿದವರಲ್ಲಿ ಎಷ್ಟು ಮಂದಿಗೆ ಯಂತ್ರವನ್ನು ಮುಟ್ಟುವ ಮುನ್ನವೇ ಅವರಿಗೆ ತಿಳಿಯುವ ಭಾಷೆಯಲ್ಲಿ ಕಲಿಸಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡಲಾಯಿತು? ಕೆನಡಾದ ಟೊರೊಂಟೊ ನಗರದ ಉದ್ಯೋಗ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆಯ ಅಧ್ಯಯನಗಳ ಪ್ರಕಾರ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಗಾಯದ ಅಪಾಯವು ಒಂದು ವರ್ಷಕ್ಕಿಂತ ಹೆಚ್ಚು ಅನುಭವವಿರುವವರಿಗಿಂತ ಮೂರು ಪಟ್ಟು ಅಧಿಕ. ನಮ್ಮ ಘಟಕಗಳಲ್ಲಿ ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದವರು ದುಡಿಯುತ್ತಿರುವಾಗ ಕನ್ನಡ ಅಥವಾ ಇಂಗ್ಲಿಷ್ ಫಲಕವನ್ನು ಗೋಡೆಗೆ ಅಂಟಿಸುವುದರಿಂದ ಕರ್ತವ್ಯ ಮುಗಿಯುವುದಿಲ್ಲ. ಗುತ್ತಿಗೆಯವರನ್ನೂ ದಿನಗೂಲಿಯವರನ್ನೂ ಈ ಅಂಕಿಯಲ್ಲಿ ಕಡ್ಡಾಯವಾಗಿ ಸೇರಿಸಬೇಕು.

ನಾಲ್ಕನೆಯದು, ಆರೋಗ್ಯದ ಅಂಕಿ. ಅಪಘಾತದ ಫಲಕವು ಕಾಯಿಲೆಯನ್ನು ಎಣಿಸುವುದೇ ಇಲ್ಲ. ಬೆಳಗಾವಿಯ ಫೌಂಡ್ರಿಗಳಂತಹ ಕಡೆ ಅಚ್ಚಿನ ಮರಳಿನ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಆಗಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಆ ಕಾರ್ಮಿಕ ಮೂರು ಕಡೆ ಕೆಲಸ ಬದಲಿಸಿರುತ್ತಾನೆ. ಶಬ್ದದಿಂದಾಗುವ ಕಿವುಡುತನವೂ ಹೀಗೆಯೇ ಸದ್ದಿಲ್ಲದೆ ಬರುತ್ತದೆ. ಧೂಳು ಅಥವಾ ಶಬ್ದದಲ್ಲಿ ದುಡಿಯುವವರಲ್ಲಿ ಎಷ್ಟು ಮಂದಿಗೆ ಸೇರುವಾಗಲೂ ವರ್ಷಕ್ಕೊಮ್ಮೆಯೂ ಶ್ವಾಸಕೋಶದ ಮತ್ತು ಕಿವಿಯ ಪರೀಕ್ಷೆ ಆಗಿದೆ, ಧೂಳು ಹೀರುವ ಯಂತ್ರ ತಿಂಗಳಲ್ಲಿ ಎಷ್ಟು ದಿನ ಚಾಲನೆಯಲ್ಲಿತ್ತು ಎಂಬ ಎರಡು ಅಂಶಗಳನ್ನು ದಾಖಲಿಸಿದರೆ ಸಾಕು.

ಐದನೆಯದು, ಅಪಘಾತದ ಪೂರ್ಣ ವೆಚ್ಚ. ಇದಕ್ಕಾಗಿ ಲೆಡ್ಜರಿನಲ್ಲಿ ಒಂದು ಪ್ರತ್ಯೇಕ ಖಾತೆ ತೆರೆಯಬೇಕೆಂಬುದು ನನ್ನ ಮುಖ್ಯ ಸಲಹೆ. ಇಂದು ಅಪಘಾತದ ವೆಚ್ಚವು ಸಿಬ್ಬಂದಿ ಕಲ್ಯಾಣ, ಯಂತ್ರ ದುರಸ್ತಿ, ಓವರ್‌ಟೈಮ್, ಕಚ್ಚಾ ಸಾಮಗ್ರಿಯ ನಷ್ಟ, ವಕೀಲರ ಶುಲ್ಕ, ವಿಳಂಬಕ್ಕಾಗಿ ಗ್ರಾಹಕರು ಕಡಿದುಕೊಂಡ ಮೊತ್ತ ಎಂದು ಐದಾರು ಖಾತೆಗಳಲ್ಲಿ ಚದುರಿಹೋಗಿರುತ್ತದೆ. ಆದ್ದರಿಂದ ಅದು ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಖಾತೆಗೆ ತಂದರೆ ಅದರ ಗಾತ್ರ ತಿಳಿಯುತ್ತದೆ. ನಿವ್ವಳ ಲಾಭ ಶೇಕಡಾ 5 ಇರುವ ಉದ್ದಿಮೆಯಲ್ಲಿ ಒಂದು ಅಪಘಾತದಿಂದ 50,000 ರೂಪಾಯಿ ನಷ್ಟವಾದರೆ ಅದನ್ನು ತುಂಬಲು 10 ಲಕ್ಷ ರೂಪಾಯಿಗಳ ಹೆಚ್ಚುವರಿ ಮಾರಾಟ ಬೇಕು. ಪ್ರೆಸ್‌ಗೆ ರಕ್ಷಣಾ ಸಾಧನ ಅಳವಡಿಸುವ ದರಪಟ್ಟಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ತೀರ್ಮಾನ ಕಷ್ಟವಾಗದು. ಬೆರಳಿನ ಬೆಲೆಯನ್ನು ಯಾವ ಖಾತೆಯೂ ಬರೆಯಲಾರದು ಎಂಬುದು ಬೇರೆ ಮಾತು. ಆದರೆ ಬರೆಯಬಹುದಾದಷ್ಟನ್ನೂ ಬರೆಯದಿರುವುದು ಲೆಕ್ಕಪತ್ರದ ಲೋಪವೇ.

ವರ್ತಕರೂ ಹೊರತಲ್ಲ

ಇವೆಲ್ಲ ಕಾರ್ಖಾನೆಗಳವರ ಚಿಂತೆಯೆಂದು ವ್ಯಾಪಾರಿ ಸದಸ್ಯರು ಭಾವಿಸಬಾರದು. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದಕ್ಕೆ ಬಿದ್ದ ಬೆಂಕಿ ಹತ್ತಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ದಾಸ್ತಾನು ಕುಸಿದು ಬಿಹಾರ ಮೂಲದ ಏಳು ಕಾರ್ಮಿಕರು ಅದರಡಿ ಸಿಲುಕಿ ಸತ್ತರು. ಗೋದಾಮು ಇಟ್ಟುಕೊಂಡಿರುವ ವರ್ತಕರು ಮೂರು ವಿಷಯಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಿ ಬರೆದಿಡಬೇಕು. ಹೊರಹೋಗುವ ದಾರಿಗಳೆಲ್ಲ ತೆರವಾಗಿದ್ದು ಬಾಗಿಲುಗಳು ಒಳಗಿನಿಂದ ತೆರೆಯುತ್ತವೆಯೇ? ಚೀಲಗಳ ರಾಶಿ ನಿಗದಿತ ಎತ್ತರವನ್ನು ಮೀರಿದೆಯೇ? ಅಗ್ನಿಶಾಮಕ ಸಿಲಿಂಡರುಗಳು ಅವಧಿಯೊಳಗಿವೆಯೇ? ದಾಸ್ತಾನಿನ ಪರಿಶೀಲನೆಗೆ ಹೋಗುವವರೇ ಇದನ್ನೂ ನೋಡಿ ಬರಬಹುದು.

ಕೆಲವು ಆಕ್ಷೇಪಗಳು

ಸಣ್ಣವರಿಗೆ ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ, ಕಾನೂನೇ ನಮ್ಮನ್ನು ಬಿಟ್ಟಿದೆಯಲ್ಲ ಎಂಬ ಆಕ್ಷೇಪ ಸಹಜ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020ರಲ್ಲಿ 'ಕಾರ್ಖಾನೆ' ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ ವಿದ್ಯುತ್ ಬಳಸುವಲ್ಲಿ 10ರಿಂದ 20ಕ್ಕೂ, ಬಳಸದಲ್ಲಿ 20ರಿಂದ 40ಕ್ಕೂ ಏರಿರುವುದು ನಿಜ. ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯವಾಗುವುದು ಸಾಮಾನ್ಯ ಕಾರ್ಖಾನೆಗಳಲ್ಲಿ 500 ಕಾರ್ಮಿಕರಿಗೆ ಎಂಬುದೂ ನಿಜ. ಆದರೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಯಾವುದೇ ಉದ್ಯಮ, ವ್ಯಾಪಾರ 'ಸಂಸ್ಥೆ'ಯೆಂಬ ವ್ಯಾಖ್ಯೆಗೆ ಸೇರುತ್ತದೆ, ಕೆಲಸದ ಸ್ಥಳವನ್ನು ಅಪಾಯರಹಿತವಾಗಿಡುವ ಮಾಲೀಕರ ಹೊಣೆ ಅಲ್ಲಿಯೂ ಇದೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗಿನ ಸೆರೆವಾಸ, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ವಿಧಿಸಲು ಅವಕಾಶವಿದೆ. ಸುರಕ್ಷತಾ ಅಧಿಕಾರಿ ಇಲ್ಲದ ಘಟಕದಲ್ಲಿ ಆ ಅಧಿಕಾರಿಯ ಕೆಲಸ ಮಾಲೀಕರದೇ ಆಗುತ್ತದೆ. ಅವರಿಗೆ ನೆರವಾಗಲೆಂದೇ ಸೂಚಕಗಳು ಬೇಕಾಗಿರುವುದು.

ದೊಡ್ಡ ಗ್ರಾಹಕರು ಅಪಘಾತದ ದರವನ್ನೇ ಕೇಳುತ್ತಾರೆ, ನಾವೇನು ಮಾಡೋಣ ಎಂಬುದು ಇನ್ನೊಂದು ಆಕ್ಷೇಪ. ಸೆಬಿಯ ನಿಯಮದಂತೆ 2022-23ರ ಆರ್ಥಿಕ ವರ್ಷದಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನಗಳಲ್ಲಿರುವ ನೋಂದಾಯಿತ ಕಂಪೆನಿಗಳು ತಮ್ಮ ವ್ಯವಹಾರ ಹೊಣೆಗಾರಿಕೆ ವರದಿಯಲ್ಲಿ ಹತ್ತು ಲಕ್ಷ ಮಾನವ ಗಂಟೆಗಳ ಗಾಯದ ದರವನ್ನು ಪ್ರಕಟಿಸುತ್ತಿವೆ. ಆದ್ದರಿಂದ ಪೂರೈಕೆದಾರರಿಂದಲೂ ಅದೇ ಅಂಕಿಯನ್ನು ಕೇಳುವುದು ಸ್ವಾಭಾವಿಕ. ಕೇಳಿದವರಿಗೆ ಆ ಅಂಕಿಯನ್ನು ಪ್ರಾಮಾಣಿಕವಾಗಿ ಕೊಡೋಣ. ಆದರೆ ಅದರೊಡನೆ ಗಾರ್ಡ್‌ಗಳ ಸುಸ್ಥಿತಿಯ ಶೇಕಡಾವಾರನ್ನೂ ಬಾಕಿಯ ವಯೋಮಾನ ಪಟ್ಟಿಯನ್ನೂ ಲಗತ್ತಿಸೋಣ. ವಿವೇಕವುಳ್ಳ ಖರೀದಿದಾರರು ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆಂಬುದು ಕಾಲಕ್ರಮದಲ್ಲಿ ತಿಳಿದೀತು.

ಅಪಘಾತದ ಅಂಕಿಯನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಕಾನೂನಿನ ಪ್ರಕಾರ ಸಾವನ್ನೂ, 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬಾರದಂತೆ ಮಾಡುವ ಗಾಯವನ್ನೂ ಅಧಿಕಾರಿಗಳಿಗೆ ತಿಳಿಸಲೇಬೇಕು. ಪ್ರತಿಯೊಂದು ಗಾಯವನ್ನೂ ದಾಖಲಿಸಿ ಕಾರಣವನ್ನು ಹುಡುಕಲೇಬೇಕು. ನನ್ನ ವಿರೋಧವಿರುವುದು ಆ ಅಂಕಿಯನ್ನು ಹೆಮ್ಮೆಯ ಫಲಕವನ್ನಾಗಿಯೂ, ಬಹುಮಾನದ ಆಧಾರವನ್ನಾಗಿಯೂ ಮಾಡುವುದಕ್ಕೆ.

ವಾಣಿಜ್ಯ ಮಂಡಳಿಗಳು ಮಾಡಬಹುದಾದುದು

ನಮ್ಮಂತಹ ಸಂಘಸಂಸ್ಥೆಗಳು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ ಇಡಬಹುದು. ಎಲ್ಲಿಯಾದರೂ ಸುರಕ್ಷತಾ ಪ್ರಶಸ್ತಿಗಳನ್ನು ನೀಡುವುದಾದರೆ ಶೂನ್ಯ ಅಪಘಾತವನ್ನು ಮಾನದಂಡವಾಗಿ ಇರಿಸಬಾರದು. ಅತಿ ಹೆಚ್ಚು ಅಪಾಯಗಳನ್ನು ತಾನಾಗಿ ಗುರುತಿಸಿ, ಅತಿ ಬೇಗ ಸರಿಪಡಿಸಿದ ಘಟಕಕ್ಕೆ ಮನ್ನಣೆ ಸಲ್ಲಬೇಕು. ಹತ್ತಿಪ್ಪತ್ತು ಸಣ್ಣ ಘಟಕಗಳು ಒಂದು ಗುಂಪಾಗಿ ತಮ್ಮ ಅಂಕಿಗಳನ್ನು ಒಟ್ಟುಗೂಡಿಸಿದರೆ, ಒಂದೊಂದರಲ್ಲಿ ಅರ್ಥವಿಲ್ಲದ ಅಪಘಾತದ ದರವೂ ಒಟ್ಟಿನಲ್ಲಿ ಅರ್ಥಪೂರ್ಣವಾಗುತ್ತದೆ. 25 ಮಂದಿಯ ಇಪ್ಪತ್ತು ಘಟಕಗಳು ಸೇರಿದರೆ ವರ್ಷಕ್ಕೆ 12 ಲಕ್ಷ ಮಾನವ ಗಂಟೆಗಳು. ಅಲ್ಲಿ ಅದೃಷ್ಟದ ಆಟ ಕಡಿಮೆಯಾಗಿ ಸ್ಥಿತಿಯ ಚಿತ್ರ ಮೂಡತೊಡಗುತ್ತದೆ. ಇದೇ ಗುಂಪು ಒಬ್ಬ ಅರ್ಹ ಸುರಕ್ಷತಾ ತಜ್ಞರನ್ನು ಸರದಿಯ ಮೇಲೆ ಹಂಚಿಕೊಳ್ಳಬಹುದು, ಆರೋಗ್ಯ ತಪಾಸಣೆಯನ್ನು ಒಟ್ಟಾಗಿ ಏರ್ಪಡಿಸಬಹುದು. ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಮಾರ್ಗದರ್ಶನವನ್ನೂ ಸಂಘದ ಮೂಲಕವೇ ಪಡೆಯಬಹುದು.

ಲಾಭ ನಷ್ಟದ ಪಟ್ಟಿ ವರ್ಷದ ಕೊನೆಗೆ ಬರುತ್ತದೆ, ಆದರೆ ಗಲ್ಲಾಪೆಟ್ಟಿಗೆಯನ್ನು ನಾವು ಪ್ರತಿದಿನವೂ ಎಣಿಸುತ್ತೇವೆ. ಸುರಕ್ಷತೆಯ ವಿಷಯದಲ್ಲಿ ಮಾತ್ರ ವರ್ಷಾಂತ್ಯದ ಪಟ್ಟಿಯನ್ನು ಕಾಯುತ್ತಾ ಕುಳಿತಿದ್ದೇವೆ. ಮುಂದಿನ ಮಾರ್ಚ್ 4ರ ಒಳಗಾಗಿ ನಮ್ಮ ಸದಸ್ಯರಲ್ಲಿ ಐವತ್ತು ಮಂದಿಯಾದರೂ ಹೆಬ್ಬಾಗಿಲಿನ ಫಲಕವನ್ನು ಇಳಿಸಿ, ಅದೇ ಮೊಳೆಗೆ 'ಈ ವಾರ ಸುಸ್ಥಿತಿಯಲ್ಲಿರುವ ಗಾರ್ಡ್‌ಗಳು ಎಷ್ಟು, ಮೂವತ್ತು ದಿನ ಮೀರಿದ ದುರಸ್ತಿ ಬಾಕಿ ಎಷ್ಟು' ಎಂದು ಬರೆದ ಫಲಕವನ್ನು ತೂಗುಹಾಕಲಿ ಎಂದು ಕೋರುತ್ತೇನೆ. ಆ ಅಂಕಿಗಳು ಮೊದಮೊದಲು ನಾಚಿಕೆ ತರಬಹುದು. ಆದರೆ ಅವು ನಮ್ಮ ಕೈಯಲ್ಲಿರುವ ಅಂಕಿಗಳು, ನಾವೇ ತಿದ್ದಬಲ್ಲ ಅಂಕಿಗಳು.